ಬ್ಯಾಂಕಾಕ್ ಸಂತೆಯಲ್ಲಿ ಬೆಲೆ ಇಳಿಸುವುದಕ್ಕಿಂತ ಕೊಸರು ಕೇಳುವುದು ಸುಲಭ

ಮೇಡಂ, ಮುಂದಿನ ತಿಂಗಳು ಅತ್ತೆಯವರ ಜೊತೆ ಐದು ದಿನ ಬ್ಯಾಂಕಾಕ್‌ಗೆ ಹೋಗುತ್ತಿದ್ದೇವೆ ಅಂತ ಬರೆದಿದ್ದೀರಿ. ಚತುಚಕ್ ಸಂತೆಗೆ ಯಾವತ್ತು ಹೋಗಬೇಕು, ಎಷ್ಟಕ್ಕೆ ಇಳಿಸಿ ಕೇಳಬೇಕು, ಅಲ್ಲಿಂದ ಅಡೇನಿಯಂ ಮತ್ತು ಆರ್ಕಿಡ್ ತರಬಹುದಾ ಅಂತ ಕೇಳಿದ್ದೀರಿ. ಅದಕ್ಕೆ ಒಬ್ಬರು "ಹೇಳಿದ್ದರ ಕಾಲು ಭಾಗಕ್ಕೆ ಕೇಳಿ" ಅಂತ ಸಲಹೆ ಕೊಟ್ಟಿದ್ದಾರೆ. ನಾನು ಎರಡು ಸಲ ಹೋಗಿ ಬಂದಿದ್ದೇನೆ. ಅದೊಂದನ್ನು ದಯವಿಟ್ಟು ಮಾಡಬೇಡಿ.

ಗಿಡದ ವಿಷಯ ಮೊದಲು ಹೇಳಿಬಿಡುತ್ತೇನೆ, ದುಡ್ಡು ಹೋಗುವುದೇ ಅಲ್ಲಿ. ಮೊದಲ ಸಲ ಹೋದಾಗ ಎರಡು ಅಡೇನಿಯಂ ಕೊಂಡೆ. ಕಾಂಡ ನಮ್ಮ ಗಡ್ಡೆಕೋಸಿನ ಹಾಗೆ ಉಬ್ಬಿತ್ತು, ಹೂವು ಎರಡು ಸುತ್ತಿನದು, ಕಡುಗೆಂಪು. ಅಂಗಡಿಯವನೇ ಮಣ್ಣು ಪೂರ್ತಿ ಉದುರಿಸಿ, ಬೇರನ್ನು ಪೇಪರಿನಲ್ಲಿ ಸುತ್ತಿ "ನೋ ಪ್ರಾಬ್ಲಂ" ಅಂದ. ಇಲ್ಲಿ ಇಳಿದ ಮೇಲೆ ಸೂಟ್‌ಕೇಸ್ ತೆಗೆಸಿದರು. ಎರಡೂ ಗಿಡ ಅಲ್ಲೇ ಉಳಿದವು. ತಪ್ಪು ನನ್ನದೇ. ನಮ್ಮ ದೇಶದ 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಗಿಡ ತರಬೇಕಾದರೆ ಹೊರಡುವ ಮೊದಲೇ ಇಲ್ಲಿಂದ ಆಮದು ಪರವಾನಗಿ ಬೇಕು. ಗಿಡಕ್ಕೆ ರೋಗ, ಹುಳ ಇಲ್ಲ ಅಂತ ಆ ದೇಶದವರು ಕೊಟ್ಟ ಫೈಟೋಸ್ಯಾನಿಟರಿ ಸರ್ಟಿಫಿಕೇಟೂ ಬೇಕು. ಬಿತ್ತನೆ ಬೀಜಕ್ಕೂ ಪರವಾನಗಿ ಇಲ್ಲದೆ ಆಗುವುದಿಲ್ಲ. ಕೆಲವು ಅಂಗಡಿಯವರು "ಸರ್ಟಿಫಿಕೇಟ್ ಮಾಡಿಸಿ ಕೊಡುತ್ತೇವೆ" ಅನ್ನುತ್ತಾರೆ. ಅದೊಂದೇ ಸಾಲದು. ಆರ್ಕಿಡ್‌ಗೆ ಇದರ ಮೇಲೆ ಸೈಟಿಸ್, ಅಂದರೆ ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಕಾಗದವೂ ಸೇರುತ್ತದೆ.

ಆಗ ಸಿಟ್ಟು ಬಂದಿತ್ತು, ಈಗ ಇಲ್ಲ. ಪಪ್ಪಾಯಿ ಹಿಟ್ಟು ತಿಗಣೆ ನೆನಪಿದೆ ಅಲ್ವಾ? ಮೆಕ್ಸಿಕೋ ಕಡೆಯ ಹುಳ. 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಾಣಿಸಿಕೊಂಡಿತು. ಆಮೇಲೆ ನಮ್ಮ ಕಡೆಯ ಪಪ್ಪಾಯಿ, ಹಿಪ್ಪುನೇರಳೆಗೂ ಬಂತು. ಒಂದು ಬೇರಿನ ಸಂದಿಯಲ್ಲಿ ಏನು ಕೂತಿರುತ್ತದೋ ನಮಗೇನು ಗೊತ್ತು? ಥಾಯ್ ತಳಿಯ ಅಡೇನಿಯಂ, ಬಣ್ಣದ ಎಲೆಯ ಆಗ್ಲೋನಿಮಾ ಈಗ ಇಲ್ಲಿನ ನರ್ಸರಿಗಳಲ್ಲೇ ಸಿಗುತ್ತವೆ. ಅಲ್ಲಿ ನೋಡಿ, ಫೋಟೋ ತೆಗೆದುಕೊಳ್ಳಿ, ಇಲ್ಲಿ ಬಂದು ಕೊಳ್ಳಿ.

ಈಗ ದಿನದ ವಿಷಯ. ಚತುಚಕ್ ದೊಡ್ಡ ಸಂತೆ ಶನಿವಾರ ಮತ್ತು ಭಾನುವಾರ. ಗಿಡದ ಸಂತೆ ಬುಧವಾರ ಮತ್ತು ಗುರುವಾರ. ಇದು ಗೊತ್ತಿಲ್ಲದೆ ಎಷ್ಟೋ ಜನ ಮಂಗಳವಾರ ಹೋಗಿ ಮುಚ್ಚಿದ ಶಟರ್ ನೋಡಿ ಬರುತ್ತಾರೆ. ನಮ್ಮಂಥವರಿಗೆ ಬುಧವಾರ ಬೆಳಿಗ್ಗೆಯೇ ಸರಿ. ಬೆಳೆಯುವವರೇ ಗಾಡಿಯಲ್ಲಿ ತಂದು ಇಳಿಸಿರುತ್ತಾರೆ. ಹೋಗುವುದು ಕಷ್ಟವಿಲ್ಲ. ಎಂಆರ್‌ಟಿ ಮೆಟ್ರೋದಲ್ಲಿ ಕಂಫೆಂಗ್ ಫೆಟ್ ಸ್ಟೇಷನ್‌ಗೆ ಹೋಗಿ 2ನೇ ಗೇಟಿನಿಂದ ಮೇಲೆ ಬಂದರೆ ಸಂತೆಯೊಳಗೇ ಇರುತ್ತೀರಿ. ಶನಿವಾರ, ಭಾನುವಾರ ಹೋದರೆ ಒಂಬತ್ತಕ್ಕೆಲ್ಲಾ ಅಲ್ಲಿರಿ. ಹನ್ನೊಂದರ ಮೇಲೆ ಒಳಗಿನ ಓಣಿಗಳಲ್ಲಿ ಶೀಟಿನ ಕೆಳಗೆ ಉಸಿರು ಕಟ್ಟುತ್ತದೆ. ಅತ್ತೆಯವರಿಗೆ ಕಷ್ಟ.

ಆ ಸಂತೆ ಎಷ್ಟು ದೊಡ್ಡದು ಅಂದರೆ, 27 ವಿಭಾಗ ಇವೆ, ಅಂಗಡಿಗಳು ಸಾವಿರಗಟ್ಟಲೆ. "ಆಮೇಲೆ ಬಂದು ತಗೊಳ್ತೀನಿ" ಅಂತ ಬಿಟ್ಟುಹೋದ ಅಂಗಡಿ ಮತ್ತೆ ಸಿಗುವುದಿಲ್ಲ. ಅಂಗಡಿ ನೆತ್ತಿಯ ಮೇಲೆ ವಿಭಾಗದ ನಂಬರು ಮತ್ತು ಓಣಿ ನಂಬರು ಬರೆದಿರುತ್ತದೆ, ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಮನೆಯವರು ಚದುರಿದರೆ ನಡುವೆ ಇರುವ ಗಡಿಯಾರದ ಗೋಪುರದ ಹತ್ತಿರ ಸೇರಿ. ಅದು ಎಲ್ಲರಿಗೂ ಗೊತ್ತು.

ಇನ್ನು ಚೌಕಾಸಿ. ನಾವು ಕೆ.ಆರ್. ಮಾರ್ಕೆಟ್ಟಿನಲ್ಲಿ ಕಲಿತವರು. ಇನ್ನೂರು ಅಂದರೆ ನೂರು ಅನ್ನುವುದು, ಬೇಡ ಅಂತ ಹೊರಟುಬಿಡುವುದು, ಅವನು ಕೂಗಿ ಕರೆಯುವುದು. ಇದು ಅಲ್ಲಿ ಪಾಟ್‌ಪಾಂಗ್‌ನಂಥ ಟೂರಿಸ್ಟ್ ಬೀದಿಯಲ್ಲಿ ನಡೆಯುತ್ತದೆ, ಯಾಕೆಂದರೆ ಅಲ್ಲಿ ಮೊದಲು ಹೇಳುವ ಬೆಲೆಯೇ ಸುಳ್ಳು. ಚತುಚಕ್‌ನಲ್ಲಿ ನಡೆಯುವುದಿಲ್ಲ. ಹೊರಟರೆ ಯಾರೂ ಕರೆಯುವುದಿಲ್ಲ, ನಗುತ್ತಾ ಸುಮ್ಮನಾಗುತ್ತಾರೆ. ಒಂದು ಪೀಸಿಗೆ ನೂರಕ್ಕೆ ಹತ್ತು ಇಳಿದರೆ ಸಾಕು ಅಂದುಕೊಳ್ಳಿ. ಮೂರು ತಗೊಂಡರೆ ಇಪ್ಪತ್ತರವರೆಗೂ ಇಳಿಯಬಹುದು. ದನಿ ಏರಿಸಿದರೆ ಮಾತು ಮುಗಿಯಿತು.

ನನಗೆ ದಾರಿ ಸಿಕ್ಕಿದ್ದು ಎರಡನೇ ಸಲ, ವಾಂಡ ಬುಟ್ಟಿ ಕೊಳ್ಳುವಾಗ. ವಾಂಡ ಒಂದು ಜಾತಿಯ ಆರ್ಕಿಡ್, ಅದರ ಬೇರು ಗಾಳಿಗೆ ಇಳಿಬೀಳಲಿ ಅಂತ ಮಾಡಿದ ಸಣ್ಣ ಪ್ಲಾಸ್ಟಿಕ್ ಬುಟ್ಟಿ, ನಾಲ್ಕು ಇಂಚಿನದು. ಮಾರುತ್ತಿದ್ದವರು ನನಗಿಂತ ವಯಸ್ಸಾದ ಹೆಂಗಸು. ಹತ್ತು ಬುಟ್ಟಿ ತೆಗೆದಿಟ್ಟೆ. ಕ್ಯಾಲ್ಕುಲೇಟರ್‌ನಲ್ಲಿ 150 ಬಾತ್ (ಅಲ್ಲಿನ ದುಡ್ಡು) ಅಂತ ಒತ್ತಿ ತೋರಿಸಿದರು. ನಾನು ಅಳಿಸಿ 100 ಒತ್ತಿದೆ. ನಕ್ಕು, ಆಗುವುದಿಲ್ಲ ಅಂತ ತಲೆ ಆಡಿಸಿದರು. 120 ಒತ್ತಿದೆ. ಮತ್ತೆ ಅದೇ ನಗು. ಪಕ್ಕದಲ್ಲಿ ಒಬ್ಬ ಥಾಯ್ ಹುಡುಗಿ ಕೊಂಡಿದ್ದಕ್ಕೆ ದುಡ್ಡು ಕೊಟ್ಟು "ಥ್ಯಾಮ್ ದಾಯ್ ಮಾಯ್" ಅಂದಳು. ಆ ಅಮ್ಮ ಅವಳ ಚೀಲಕ್ಕೆ ಏನೋ ಹಾಕಿದರು. ಥ್ಯಾಮ್ ಅಂದರೆ ನಮ್ಮ ಕೊಸರು! ಸೊಪ್ಪಿನವಳು ಅಳೆದ ಮೇಲೆ ಒಂದು ಕಟ್ಟು ಕೊತ್ತಂಬರಿ ಹಾಕುತ್ತಾಳಲ್ಲ, ಅದೇ. ನಾನೂ 150 ಕೊಟ್ಟು ಅದೇ ಮಾತು ಅಂದೆ. ನನ್ನ ಉಚ್ಚಾರಣೆ ಕೇಳಿ ಅವರಿಗೆ ನಗು ತಡೆಯಲಾಗಲಿಲ್ಲ. ತಂತಿ ಕೊಕ್ಕೆಯ ಒಂದು ಕಟ್ಟನ್ನೇ ಚೀಲಕ್ಕೆ ತುರುಕಿದರು. ಎಣಿಸಿದರೆ ಹನ್ನೆರಡು. ಅದನ್ನೇ ಬೇರೆಯಾಗಿ ಕೊಂಡಿದ್ದರೆ ನಾನು ಇಳಿಸಲು ಹೊರಟ ದುಡ್ಡಿಗಿಂತ ಜಾಸ್ತಿ ಆಗುತ್ತಿತ್ತು.

ಆಮೇಲೆ ಎಲ್ಲ ಕಡೆ ಅದನ್ನೇ ಮಾಡಿದೆ. ಬೆಲೆ ಕೇಳಲು "ಥಾವ್ ರಾಯ್", ಇಳಿಸುತ್ತೀರಾ ಅನ್ನಲು "ಲೊತ್ ದಾಯ್ ಮಾಯ್", ಕೊಸರಿಗೆ "ಥ್ಯಾಮ್ ದಾಯ್ ಮಾಯ್". ಕೊನೆಗೆ ನೀವು "ಖಾ" ಸೇರಿಸಿ, ಯಜಮಾನರು "ಖ್ರಾಪ್" ಅನ್ನಲಿ. ನಮ್ಮ "ರೀ" ಥರ ಅದು, ಮರ್ಯಾದೆಗೆ.

ಬೋಣಿಯೂ ಅಲ್ಲಿ ಉಂಟು. ಬೆಳಿಗ್ಗೆ ಮೊದಲ ಗಿರಾಕಿ ಕೊಟ್ಟ ನೋಟನ್ನು ಅಂಗಡಿಯಲ್ಲಿರುವ ಸಾಮಾನಿಗೆಲ್ಲಾ ತಟ್ಟುತ್ತಾ ಹೋಗುತ್ತಾರೆ, ದಿನವೆಲ್ಲಾ ವ್ಯಾಪಾರ ಆಗಲಿ ಅಂತ. ನೋಡಲು ಚೆಂದ. ಬೋಣಿ ಹೊತ್ತಿಗೆ ಹೋದವರಿಗೆ ಸ್ವಲ್ಪ ಬಿಟ್ಟುಕೊಡುತ್ತಾರೆ. ಆದರೆ ಬೆಲೆ ಕೇಳಿ, ಇಳಿಸಿ, ಕೊಳ್ಳದೆ ಹೋದರೆ ಇಲ್ಲಿನ ಹಾಗೇ ಅಲ್ಲೂ ಮುಖ ಸಪ್ಪಗಾಗುತ್ತದೆ. ಕೊಳ್ಳುವ ಮನಸ್ಸಿಲ್ಲದಿದ್ದರೆ ಬೋಣಿ ಸಮಯದಲ್ಲಿ ಕೇಳಲೇಬೇಡಿ.

ಬೆಲೆ ಚೀಟಿ ಅಂಟಿಸಿದ್ದರೆ, ತಿಂಡಿ ಅಂಗಡಿಯಾದರೆ, ಚೌಕಾಸಿ ಬೇಡ. ರಸ್ತೆ ಆಚೆ ಓರ್ ತೋರ್ ಕೋರ್ ಮಾರ್ಕೆಟ್ ಇದೆ. ಹಣ್ಣುಗಳನ್ನು ಒಡವೆ ಅಂಗಡಿಯ ಹಾಗೆ ಜೋಡಿಸಿರುತ್ತಾರೆ. ಬೆಲೆಯೂ ಹಾಗೇ, ಇಳಿಯುವುದಿಲ್ಲ. ನೋಡಿ ಬನ್ನಿ ಸಾಕು. ದುರಿಯನ್ ಕೊಂಡರೆ ಅಲ್ಲೇ ತಿಂದು ಮುಗಿಸಿ, ಹೋಟೆಲ್ ಒಳಗೆ ಬಿಡುವುದಿಲ್ಲ.

ತರಬಹುದಾದ್ದು ಏನು ಅಂದರೆ: ವಾಂಡ ಬುಟ್ಟಿ, ಕೊಕ್ಕೆ, ಗಿಡದ ಹೆಸರು ಬರೆಯುವ ಪಟ್ಟಿ, ಸಣ್ಣ ಪಿಂಗಾಣಿ ಕುಂಡ. ಎಲ್ಲವೂ ಹೊಸದೇ ಇರಲಿ, ಮಣ್ಣು ಮೆತ್ತಿದ್ದು ಬೇಡ. ಕತ್ತರಿ, ಕಸಿ ಚಾಕು ಕೊಂಡರೆ ಚೆಕ್-ಇನ್ ಬ್ಯಾಗಿಗೆ ಹಾಕಿ. ಹುಂಜದ ಚಿತ್ರದ ಬಟ್ಟಲು ನೋಡುತ್ತೀರಿ, ಉತ್ತರದ ಲಂಪಾಂಗ್ ಊರಿನದು. ಕೆಳಗೆ ತೂತು ಕೊರೆದರೆ ಸಕ್ಯುಲೆಂಟ್‌ಗೆ ಮುದ್ದಾದ ಕುಂಡ ಆಗುತ್ತದೆ. ಕೊಳ್ಳುವ ಮೊದಲು ಬೆರಳಿನಿಂದ ತಟ್ಟಿ ನೋಡಿ. ಟಣ್ ಅಂದರೆ ಸರಿ, ಒಡಕು ಸದ್ದು ಬಂದರೆ ಬಿರುಕು ಇದೆ. ಬುದ್ಧನ ತಲೆಯ ಕುಂಡ, ವಿಗ್ರಹ ಬೇಡ. ಬುದ್ಧನ ಪ್ರತಿಮೆಯನ್ನು ಹೊರಗೆ ಒಯ್ಯಲು ಅಲ್ಲಿನ ಲಲಿತಕಲಾ ಇಲಾಖೆಯ ಅನುಮತಿ ಬೇಕು.

ನೆಂಟರಿಗೆ ಕೊಡಲು ಹತ್ತಿಪ್ಪತ್ತು ಸಣ್ಣ ಸಾಮಾನು ಬೇಕಾದರೆ ಚೈನಾ ಟೌನಿನ ಸಾಂಪೆಂಗ್ ಓಣಿಗೆ ಹೋಗಿ. ಅಲ್ಲಿ ಡಜನ್ ಲೆಕ್ಕ. ಒಂದಕ್ಕೆ ಒಂದು ಬೆಲೆ, ಮೂರಕ್ಕೆ, ಹನ್ನೆರಡಕ್ಕೆ ಬೇರೆ. ಬಟ್ಟೆಗೆ ಪ್ರತುನಾಮ್ ಮಾರ್ಕೆಟ್, ಅದೂ ಹಾಗೇ.

ದುಡ್ಡು: ಒಂದು ಬಾತ್ ಅಂದರೆ ಎರಡೂವರೆ ರೂಪಾಯಿ ಮೇಲೆ ಅಂತ ಮನಸ್ಸಲ್ಲಿಟ್ಟುಕೊಳ್ಳಿ. ಅಂಗಡಿಗಳಲ್ಲಿ ಕ್ಯೂಆರ್ ಇರುತ್ತದೆ, ಆದರೆ ಅಲ್ಲಿನ ಬ್ಯಾಂಕಿನದು. ಹಾಗಾಗಿ ನಗದು ಬೇಕು. ನಮ್ಮ ಕಾರ್ಡಿನಲ್ಲಿ ಎಟಿಎಂನಿಂದ ತೆಗೆದರೆ ಪ್ರತಿ ಸಲ 220 ಬಾತ್ ಆಸುಪಾಸು ಶುಲ್ಕ ಹಿಡಿಯುತ್ತಾರೆ. ಸ್ವಲ್ಪ ಸ್ವಲ್ಪ ತೆಗೆಯಬೇಡಿ. ಸುವರ್ಣಭೂಮಿ ಏರ್‌ಪೋರ್ಟಿನಲ್ಲಿ ಇಳಿದ ಮಹಡಿಯಲ್ಲೇ ಬದಲಾಯಿಸದೆ, ಕೆಳಗೆ ರೈಲು ಹತ್ತುವ ಕಡೆ ಇರುವ ಕೌಂಟರುಗಳಿಗೆ ಹೋಗಿ, ದರ ಚೆನ್ನಾಗಿರುತ್ತದೆ. ಹಸಿರು ಇಪ್ಪತ್ತು, ಕೆಂಪು ನೂರು ಜಾಸ್ತಿ ಇಟ್ಟುಕೊಳ್ಳಿ. ಸಾವಿರದ ನೋಟು ಹಿಡಿದು ಹತ್ತು ಬಾತ್ ಇಳಿಸಿ ಅಂತ ಕೇಳಲು ನನಗಂತೂ ನಾಚಿಕೆ ಆಗುತ್ತದೆ.

ಅತ್ತೆಯವರು ಈರುಳ್ಳಿ, ಬೆಳ್ಳುಳ್ಳಿ ತಿನ್ನುವುದಿಲ್ಲ ಅಂದಿದ್ದಿರಲ್ಲ, ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ "ಜೇ" ಅಂತ ಬರೆದಿರುವ ಅಂಗಡಿ ಹುಡುಕಿ. ಅಕ್ಷರ ಓದಲು ಬರದಿದ್ದರೂ ಬಣ್ಣದಿಂದ ಗೊತ್ತಾಗುತ್ತದೆ. ಅಲ್ಲಿ ಮಾಂಸ, ಮೀನು, ಬೆಳ್ಳುಳ್ಳಿ, ಈರುಳ್ಳಿ ಹಾಕುವುದಿಲ್ಲ. ಬೇರೆ ಕಡೆ ಬರೀ ತರಕಾರಿ ಅಂದರೂ ಮೀನಿನ ಸಾಸ್ ಬಿದ್ದಿರುತ್ತದೆ.

ಒಂದು ಬೆಳಿಗ್ಗೆ ಬೇಗ ಎದ್ದರೆ ಅತ್ತೆಯವರನ್ನು ಪಾಕ್ ಖ್ಲೋಂಗ್ ತಲಾತ್ ಹೂವಿನ ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಿ. ಸನಾಮ್ ಚಾಯ್ ಮೆಟ್ರೋ ಸ್ಟೇಷನ್ ಹತ್ತಿರ. ರಾತ್ರಿಯೆಲ್ಲಾ ತೆರೆದಿರುತ್ತದೆ. ಮಲ್ಲಿಗೆ, ಚೆಂಡುಹೂವು, ಕಮಲದ ಮೊಗ್ಗು ರಾಶಿ ರಾಶಿ. ಅಲ್ಲಿಯವರು ಮಲ್ಲಿಗೆ ಮೊಗ್ಗನ್ನು ಕಟ್ಟುವುದಿಲ್ಲ, ಉದ್ದ ಸೂಜಿಯಲ್ಲಿ ಪೋಣಿಸುತ್ತಾರೆ. ನಮ್ಮತ್ತೆ ಅದನ್ನು ನೋಡುತ್ತಾ ಮುಕ್ಕಾಲು ಗಂಟೆ ನಿಂತರು, ಕೊನೆಗೆ ತಾವೇ ಕೂತು ಬಾಳೆನಾರಿನಲ್ಲಿ ಕಟ್ಟಿ ತೋರಿಸಿದರು. ಅವತ್ತಿನ ಮಾಲೆಗೆ ದುಡ್ಡೇ ತಗೊಳ್ಳಲಿಲ್ಲ.

ಬುಧವಾರ ಚತುಚಕ್‌ಗೆ ಹೋದರೆ ನಾಲ್ಕಿಂಚಿನ ವಾಂಡ ಬುಟ್ಟಿ ನನಗೂ ಹತ್ತು ತನ್ನಿ ಮೇಡಂ. ದುಡ್ಡು ಬಂದ ಮೇಲೆ ಕೊಡುತ್ತೇನೆ. ಕೊಕ್ಕೆ ಕೊಸರಿಗೆ ಕೇಳಿ.