ಮಂಜಿನಲ್ಲಿ ರನ್‌ವೇ ಬೇಗ ಕಾಣಬೇಕಾದರೆ ಕಣ್ಣನ್ನು ಪಳಗಿಸುವುದು ಹೇಗೆ?

ಕ್ಯಾಪ್ಟನ್ ತರಬೇತಿ ಶುರುವಾಗಲಿದೆ, 200 ಅಡಿಯಲ್ಲಿ ಪಕ್ಕದವರಿಗೆ ಕಂಡದ್ದು ನಿಮಗೆ ಕಾಣುತ್ತಿಲ್ಲ, ಏನು ಅಭ್ಯಾಸ ಮಾಡಲಿ ಅಂತ ಕೇಳಿದ್ದೀರಿ. ಕಣ್ಣಿನ ಮಾತು ಬಿಡಿ. ಸೀಟನ್ನು ಎಷ್ಟು ಎತ್ತರದಲ್ಲಿ ಇಟ್ಟುಕೊಂಡು ಕೂರುತ್ತೀರಿ, ಅದನ್ನು ಹೇಳಿ.

ನನಗೂ ಹೀಗೇ ಆಗಿತ್ತು. ಕ್ಯಾಪ್ಟನ್ ಆದ ಎರಡನೇ ಚಳಿಗಾಲ, ದೆಹಲಿಯಿಂದ ಹೊರಟು ಬೆಳಗಿನ ಜಾವ ಬೆಂಗಳೂರು, ಏರ್‌ಬಸ್ 320. ಆಗ ದೇವನಹಳ್ಳಿಯಲ್ಲಿ ಒಂದೇ ರನ್‌ವೇ, ರೇಡಿಯೊ ಸಂಕೇತದಿಂದ ಇಳಿಯುವ ದಾರಿ ತೋರಿಸುವ ಐಎಲ್‌ಎಸ್ ಇತ್ತು, ಅದೂ ಮೊದಲ ದರ್ಜೆಯದು, ಕ್ಯಾಟ್ ಒನ್. ಆರ್‌ವಿಆರ್, ಅಂದರೆ ರನ್‌ವೇ ಉದ್ದಕ್ಕೆ ಕಾಣುವ ದೂರ, 550 ಮೀಟರ್ ಇರಬೇಕು, 200 ಅಡಿಗೆ ಇಳಿದಾಗ ರನ್‌ವೇಗೂ ಮುಂಚೆ ನೆಲದಲ್ಲಿ ಸಾಲುಸಾಲಾಗಿ ಹಾಕಿರುವ ಅಪ್ರೋಚ್ ಲೈಟ್ ಕಾಣಬೇಕು, ಇಲ್ಲದಿದ್ದರೆ ಮೇಲಕ್ಕೆ. ನಿಲ್ದಾಣವೇ ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿದೆ, ಹಾಗಾಗಿ ಆಲ್ಟಿಮೀಟರ್‌ನಲ್ಲಿ ಆ 200 ಅಂದರೆ ಹತ್ತಿರ ಹತ್ತಿರ 3200. ಟವರ್‌ನವರು 600 ಮೀಟರ್ ಅಂದರು. ನೆಲದಿಂದ ಸಾವಿರ ಅಡಿ ದಾಟುವಾಗಲೂ 600 ಇತ್ತು, ಅಂದರೆ ಮುಂದುವರಿಯಲು ಅಡ್ಡಿಯಿಲ್ಲ.

"ಹಂಡ್ರೆಡ್ ಅಬವ್", ಅಂದರೆ ಆ 200ಕ್ಕೆ ಇನ್ನು ನೂರೇ ಅಡಿ ಬಾಕಿ, ಅನ್ನುವುದು ಕೇಳಿ ತಲೆ ಎತ್ತಿದರೆ ಎದುರಿಗೆ ಸುಣ್ಣ ಬಳಿದ ಗೋಡೆ. ಕುತ್ತಿಗೆ ಚಾಚಿದೆ. 200 ಮುಟ್ಟಿ "ಮಿನಿಮಮ್" ಅನ್ನುವಾಗ ಗ್ಲೇರ್‌ಶೀಲ್ಡ್ (ಗಾಜಿನ ಕೆಳಗೆ ಉಪಕರಣಗಳ ಮೇಲಿನ ಹೊದಿಕೆ) ಅಂಚಿನ ಮೇಲೆ ಒಂದೇ ಒಂದು ಅಡ್ಡಸಾಲು ಲೈಟ್ ಮಿನುಗಿತು. ಒಂದು ಸಾಲಿನಿಂದ ವಿಮಾನ ಮಧ್ಯರೇಖೆಯ ಮೇಲಿದೆಯೋ, ಪಕ್ಕಕ್ಕೆ ಜಾರುತ್ತಿದೆಯೋ ಹೇಳಲಾಗದು. ಇಳಿಯುವುದು ಬಿಟ್ಟು ಮೇಲೇರಲು "ಗೋ ಅರೌಂಡ್, ಫ್ಲ್ಯಾಪ್ಸ್" ಅಂದೆ. ಎಂಜಿನ್ ಲಿವರ್ ಟೋಗಾಕ್ಕೆ (ಪೂರ್ತಿ ಶಕ್ತಿಗೆ), ಮೂಗು 15 ಡಿಗ್ರಿ, ಫ್ಲ್ಯಾಪ್ ಒಂದು ಹಂತ ಒಳಕ್ಕೆ, ಏರುತ್ತಿರುವುದು ಖಾತ್ರಿಯಾದ ಮೇಲೆ ಗೇರ್. ಎಲ್ಲ ಮುಗಿದ ಮೇಲೆ ಫಸ್ಟ್ ಆಫೀಸರ್ ಮೆಲ್ಲಗೆ ಕೇಳಿದ: "ಸರ್, ಮೂರು ಸಾಲು ಕಾಣ್ತಿತ್ತಲ್ಲ?"

ಅವನು ಮಿನಿಮಮ್‌ನಲ್ಲಿ ಕ್ಷಣಮಾತ್ರ ಹೊರಗೆ ನೋಡಿದ್ದ, ಅಷ್ಟೆ. ಅವನ ಕಣ್ಣು ನನ್ನದಕ್ಕಿಂತ ಚುರುಕು ಅಂತಲ್ಲ. ರಾತ್ರಿ ಕ್ರೂಸ್‌ನಲ್ಲಿ ಊಟದ ಟ್ರೇ ತೆಗೆಯುವಾಗ ನಾನು ಸೀಟು ಇಳಿಸಿ ಹಿಂದಕ್ಕೆ ಸರಿಸಿದ್ದೆ. ಇಳಿಯುವ ಮುಂಚೆ ಸ್ವಿಚ್ ಒತ್ತಿ ಅಂದಾಜಿನಲ್ಲಿ ಏರಿಸಿಕೊಂಡೆ. ಎರಡಿಂಚು ಕಡಿಮೆ ಬಿತ್ತು.

ಎರಡಿಂಚು ಎಷ್ಟು ದುಬಾರಿ ಅಂತ ಲೆಕ್ಕ ಹಾಕಿ. 320ರ ಕಿಟಕಿಯಿಂದ ಕೆಳಕ್ಕೆ ಕಾಣುವುದು ಸುಮಾರು 20 ಡಿಗ್ರಿ. ಅಪ್ರೋಚ್‌ನಲ್ಲಿ, ಅಂದರೆ ರನ್‌ವೇ ಕಡೆ ಇಳಿದು ಬರುವಾಗ, ಮೂಗು ನಾಲ್ಕು ಡಿಗ್ರಿ ಎತ್ತಿರುತ್ತದೆ, ಉಳಿಯುವುದು 16. ಆ ಕೋನದಲ್ಲಿ 200 ಅಡಿಯಿಂದ ನೋಡಿದರೆ ಮೂಗಿನ ಕೆಳಗೆ ಮರೆಯಾಗುವ ನೆಲ 210 ಮೀಟರ್‌ನಷ್ಟು. ಇನ್ನು ಆರ್‌ವಿಆರ್ 600 ಅನ್ನುವುದು ರನ್‌ವೇ ಪಕ್ಕದಲ್ಲಿ ನೆಲಕ್ಕೆ ಹತ್ತಿರ, ಅಡ್ಡಡ್ಡಲಾಗಿ ಅಳೆದ ಸಂಖ್ಯೆ. ನೀವು ನೋಡುವುದು ಮೇಲಿನಿಂದ ಓರೆಯಾಗಿ. ಮಂಜು ಮೇಲೆ ದಟ್ಟವಾಗಿದ್ದರೆ ಓರೆನೋಟ 300 ಮೀಟರಿಗೇ ನಿಲ್ಲಬಹುದು. ಹಾಗಾದರೆ ಕಣ್ಣಿಗೆ ಸಿಗುವುದು 80 ಮೀಟರ್ ಚಿಲ್ಲರೆ. ಅಪ್ರೋಚ್ ಲೈಟ್ ಸಾಲುಗಳು 30 ಮೀಟರಿಗೊಂದು, ಮೂರು ಸಾಲು ಬಂತು. ಸೀಟು ಎರಡಿಂಚು ಇಳಿದರೆ ಮೂರು ಡಿಗ್ರಿ ಹೋಯಿತು, ಮರೆಯಾಗುವ ನೆಲ 260ಕ್ಕೆ ಬೆಳೆಯಿತು, ಉಳಿದದ್ದು 30 ಮೀಟರ್. ಒಂದು ಸಾಲು! ನನಗೆ ಕಂಡದ್ದೂ ಅದೇ.

ಕತ್ತು ಚಾಚಿದರೆ ಸರಿಹೋಗುತ್ತೆ ಅನ್ನಬೇಡಿ. ಎದುರಿಗೆ ದಿಗಂತ ಇಲ್ಲದಿದ್ದಾಗ ತಲೆ ಅಲ್ಲಾಡಿಸಿದರೆ ಒಳಗಿವಿ ಸುಳ್ಳು ಹೇಳುತ್ತದೆ. ವಿಮಾನ ನಿಮಿಷಕ್ಕೆ 700 ಅಡಿ ಇಳಿಯುತ್ತಿದೆ, 200 ಅಡಿ ಅಂದರೆ 17 ಸೆಕೆಂಡು.

ಮಿಕ್ಕ ಕಥೆ ಚಿಕ್ಕದು. ಎರಡನೇ ಸಲ ಸರದಿ ಬರುವಷ್ಟರಲ್ಲಿ ಆರ್‌ವಿಆರ್ 450. ಹೋಲ್ಡಿಂಗ್‌ನಲ್ಲಿ ಸುತ್ತಿದೆವು, ಇಂಧನ ಡೈವರ್ಷನ್ ಮಟ್ಟಕ್ಕೆ ಬಂತು, ಚೆನ್ನೈಗೆ ಹೋದೆವು. ಅಲ್ಲಿ ನಮ್ಮ ಡ್ಯೂಟಿ ಟೈಮ್ ಮುಗಿಯಿತು, ಪ್ರಯಾಣಿಕರು ಬೇರೆ ಸಿಬ್ಬಂದಿಗಾಗಿ ಮಧ್ಯಾಹ್ನದವರೆಗೆ ಕಾದರು. ಗೋ ಅರೌಂಡ್ ಮಾಡಿದ್ದು ತಪ್ಪಲ್ಲ. ನನಗೆ ಕಂಡಷ್ಟರಲ್ಲಿ ಅದೊಂದೇ ದಾರಿಯಿತ್ತು. ತಪ್ಪಾದದ್ದು ಸೀಟಿನಲ್ಲಿ, ಅದೂ ಅರ್ಧ ಗಂಟೆ ಮೊದಲೇ.

ಹಾಗಾಗಿ "ರನ್‌ವೇ ಬೇಗ ಕಾಣಬೇಕು" ಅನ್ನುವ ಆಸೆಯೇ ಸರಿಯಿಲ್ಲ ಅಂತೀನಿ. 200 ಅಡಿಯಲ್ಲಿ ರನ್‌ವೇ ಅಂಚು ಇನ್ನೂ 870 ಮೀಟರ್ ದೂರ. 550 ಮೀಟರ್ ಮಂಜಿನಲ್ಲಿ ಅದು ಯಾರಿಗೂ ಕಾಣುವುದಿಲ್ಲ. ಹುಡುಕಬೇಕಾದ್ದು ಅಪ್ರೋಚ್ ಲೈಟ್‌ಗಳನ್ನು, ದೂರಕ್ಕೆ ದಿಟ್ಟಿಸದೆ ಗ್ಲೇರ್‌ಶೀಲ್ಡ್ ಅಂಚಿನಲ್ಲೇ. ಲ್ಯಾಂಡಿಂಗ್ ಲೈಟ್ ಹಾಕಿ ನೋಡುವವರೂ ಇದ್ದಾರೆ, ಆ ಬೆಳಕು ಮಂಜಿಗೆ ಬಡಿದು ನಮ್ಮ ಮುಖಕ್ಕೇ ವಾಪಸ್ ಬರುತ್ತದೆ, ಆರಿಸಿಬಿಡಿ.

ಬೇಗ ಕಾಣುವುದು ಕೆಲವೊಮ್ಮೆ ಅಪಾಯ ಕೂಡ. ನಮ್ಮ ಕಡೆಯ ಬೆಳಗಿನ ಮಂಜು ಎಷ್ಟೋ ಸಲ ತೆಳ್ಳಗೆ ನೆಲಕ್ಕೆ ಅಂಟಿಕೊಂಡಿರುತ್ತದೆ. ಮೇಲಿನಿಂದ ರನ್‌ವೇ ಲೈಟ್ ಇಡೀ ಸಾಲು ನಿಚ್ಚಳ, ಮಂಜಿಗೆ ಹೊಕ್ಕ ತಕ್ಷಣ ದೂರದವೆಲ್ಲ ಆರಿಹೋಗುತ್ತವೆ, ಮೂಗು ಎದ್ದಂತೆ ಭಾಸವಾಗುತ್ತದೆ, ಕೈ ತಾನಾಗಿ ಕೆಳಕ್ಕೆ ಒತ್ತುತ್ತದೆ. ಕಂಡಿತು ಅಂದ ಮೇಲೂ ಇನ್ನೊಬ್ಬ ಪೈಲಟ್‌ನ ಕಣ್ಣು ಇಳಿಜಾರು ತೋರಿಸುವ ಗ್ಲೈಡ್‌ಸ್ಲೋಪ್ ಸೂಚಕದ ಮೇಲೇ ಇರಬೇಕು ಅನ್ನುವುದು ಇದಕ್ಕೇ. ಕಂಡರೆ ಮುಗಿಯಿತು ಅನ್ನುವಂತೆಯೂ ಇಲ್ಲ. 2020ರ ಆಗಸ್ಟ್ 7ರ ಮಳೆಯಲ್ಲಿ ಕೋಳಿಕ್ಕೋಡ್‌ನಲ್ಲಿ ಮೊದಲ ಪ್ರಯತ್ನ ಬಿಟ್ಟು ಮೇಲೆದ್ದ ವಿಮಾನ ಎರಡನೇ ಸಲ ಹಿಂಗಾಳಿಯಲ್ಲಿ ಬಂದು, 8,858 ಅಡಿ ರನ್‌ವೇಯಲ್ಲಿ 4,438 ಅಡಿ ಕಳೆದ ಮೇಲೆ ನೆಲ ಮುಟ್ಟಿತು. 21 ಜನ ತೀರಿಕೊಂಡರು.

ಬೆಂಗಳೂರಿನ ದಕ್ಷಿಣ ರನ್‌ವೇಗೆ ಈಗ ಐಎಲ್‌ಎಸ್‌ನ ಮೇಲಿನ ದರ್ಜೆ ಕ್ಯಾಟ್ ತ್ರೀ ಬಿ ಬಂದಿದೆ, 50 ಮೀಟರ್ ಆರ್‌ವಿಆರ್‌ನಲ್ಲೂ ಆಟೋಪೈಲಟ್ ಇಳಿಸುತ್ತದೆ, ಇನ್ನೇಕೆ ಇದೆಲ್ಲ ಅನ್ನಬಹುದು. ವಿಮಾನಕ್ಕೂ ಇಬ್ಬರು ಪೈಲಟ್‌ಗಳಿಗೂ ಆ ಅರ್ಹತೆ ಇದ್ದರೆ ಮಾತ್ರ. ಯಾವುದೋ ಒಂದು ಉಪಕರಣ ಕೈಕೊಟ್ಟರೆ ಮತ್ತೆ ಕ್ಯಾಟ್ ಒನ್, ಮತ್ತೆ ಅದೇ ಗ್ಲೇರ್‌ಶೀಲ್ಡ್ ಅಂಚು.

ಎರಡು ಗಾಜುಗಳ ನಡುವಿನ ಕಂಬದಲ್ಲಿ ಬಿಳಿ, ಕೆಂಪು, ಬಿಳಿ ಮೂರು ಪುಟ್ಟ ಗುಂಡುಗಳಿವೆ, ನೋಡಿರುತ್ತೀರಿ. ಕೆಂಪು ಗುಂಡು ಆಚೆಯ ಬಿಳಿಯನ್ನು ಪೂರ್ತಿ ಮುಚ್ಚಬೇಕು. ಅಲ್ಲಿಯವರೆಗೆ ಸೀಟು ಏರಿಸಿ, ಮುಂದೆ ಸರಿಸಿ. ಬೆನ್ನು ಒರಗಿಸಿಕೊಂಡೇ ನೋಡಬೇಕು, ನಿಮಿರಿ ಕೂತು ಗುಂಡು ಹೊಂದಿಸಿದರೆ ಐದು ನಿಮಿಷದಲ್ಲಿ ಬೆನ್ನು ಕುಸಿದು ಮತ್ತೆ ಒಂದಿಂಚು ಇಳಿದಿರುತ್ತೀರಿ. ಇದನ್ನು ಇಳಿಯಲು ಶುರುಮಾಡುವ ಮೊದಲು, ಬ್ರೀಫಿಂಗ್‌ಗೂ ಮುಂಚೆ ಮುಗಿಸಿ. ಸೀಟು ಸರಿದ ಮೇಲೆ ರಡರ್ ಪೆಡಲ್‌ಗಳನ್ನೂ ಹೊಸದಾಗಿ ಹೊಂದಿಸಿ, ಒಂದು ಪೆಡಲ್ ಪೂರ್ತಿ ಮುಂದಕ್ಕೆ ತುಳಿದಾಗಲೂ ಆ ಕಾಲಿನ ಪಾದದ ತುದಿಯಿಂದ ಬ್ರೇಕ್ ಪೂರ್ತಿ ಒತ್ತಲು ಬರಬೇಕು.