ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬರುತ್ತದೆ, ನೋವೇನೂ ಇಲ್ಲ. ರಕ್ತ ಬರುವ ಜಾಗ ಬಿಟ್ಟು ಉಳಿದ ಕಡೆ ಉಜ್ಜುತ್ತೇನೆ. ಮೌತ್‌ವಾಶ್ ಸಾಕಾ? ಇದಕ್ಕೂ ಶುಗರ್, ಹಾರ್ಟ್ ಕಾಯಿಲೆಗೂ ನಿಜವಾಗಿ ಸಂಬಂಧ ಇದೆಯಾ?

ನಿಮ್ಮ ಪ್ರಶ್ನೆಯಲ್ಲಿ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು: "ರಕ್ತ ಬರುವ ಜಾಗ ಬಿಟ್ಟು ಉಳಿದ ಕಡೆ ಉಜ್ಜುತ್ತೇನೆ." ನಾನೂ ಎರಡು ವರ್ಷ ಹಾಗೇ ಮಾಡಿದೆ. ಗಾಯ ಆದ ಕಡೆ ಕೈ ಹಾಕಬಾರದು ಅನ್ನಿಸುತ್ತದೆ, ಅಲ್ವಾ? ವಸಡಿನ ವಿಷಯದಲ್ಲಿ ಅದು ಉಲ್ಟಾ. ಸಾಮಾನ್ಯವಾಗಿ ರಕ್ತ ಬರುವುದೇ ಅಲ್ಲಿ ಕೊಳೆ ಕೂತಿರುವುದರಿಂದ. ಬಿಟ್ಟಷ್ಟೂ ಕೊಳೆ, ಕೊಳೆ ಕೂತಷ್ಟೂ ಊತ, ಊದಿದಷ್ಟೂ ರಕ್ತ.

ನಾನು ಡಾಕ್ಟರಲ್ಲ, ಒಂದು ದವಡೆ ಹಲ್ಲು ಕಳೆದುಕೊಂಡವನು, ಅಷ್ಟೇ. ಆ ಹಲ್ಲು ಅಲ್ಲಾಡತೊಡಗಿದಾಗ ಹಲ್ಲಿನ ಡಾಕ್ಟರ ಹತ್ತಿರ ಹೋದೆ. ಅವರು ಬಾಯೊಳಗೆ ನೋಡಿ ಕೇಳಿದ ಮೊದಲ ಪ್ರಶ್ನೆ, "ಶುಗರ್ ಚೆಕ್ ಮಾಡಿಸಿ ಎಷ್ಟು ದಿನ ಆಯ್ತು?" ನಾನು ಮಾಡಿಸಿಯೇ ಇರಲಿಲ್ಲ. ರಿಪೋರ್ಟ್ ಬಂದಾಗ ನೋಡಿದರೆ, ಶುಗರ್ ಇತ್ತು. ಅಲ್ಲಿಯವರೆಗೆ ಬಾಯಿ ಬೇರೆ, ಮೈ ಬೇರೆ ಅಂದುಕೊಂಡಿದ್ದೆ.

ಶುಗರ್ ಜೊತೆಗಿನ ನಂಟು ನಿಜ, ಅದೂ ಎರಡೂ ಕಡೆಯಿಂದ. ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ದರೆ ಸೋಂಕಿನ ಜೊತೆ ಹೋರಾಡುವ ಶಕ್ತಿ ಕುಂದುತ್ತದೆ, ಗಾಯ ನಿಧಾನವಾಗಿ ಮಾಯುತ್ತದೆ, ವಸಡು ಬೇಗ ಕೆಡುತ್ತದೆ. ಆ ಕಡೆಯಿಂದ, ವಸಡಿನಲ್ಲಿ ತಿಂಗಳುಗಟ್ಟಲೆ ಉರಿಯೂತ ಇದ್ದರೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಶುಗರ್ ಇರುವವರ ವಸಡಿಗೆ ಸರಿಯಾಗಿ ಚಿಕಿತ್ಸೆ ಮಾಡಿದರೆ ಮೂರು-ನಾಲ್ಕು ತಿಂಗಳಲ್ಲಿ, ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಸರಾಸರಿ 0.4 ಶೇಕಡಾ ಅಂಶದಷ್ಟು ಇಳಿಯುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳಿದ್ದಾರೆ. ಚಿಕ್ಕ ಅಂಕಿ ಅನ್ನಿಸಬಹುದು. ಬರೀ ಹಲ್ಲು ಕ್ಲೀನ್ ಮಾಡಿಸಿದ್ದಕ್ಕೆ ಇಷ್ಟು ಸಿಕ್ಕರೆ ಬೇಡ ಅನ್ನುವುದೇಕೆ? ಹಾಗಂತ ಮಾತ್ರೆ ಬಿಡಬೇಡಿ.

ಹಾರ್ಟ್ ವಿಷಯದಲ್ಲಿ ಇಷ್ಟು ಗಟ್ಟಿಯಾಗಿ ಹೇಳಲಾರೆ. ವಸಡು ಕೆಟ್ಟವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಕಾಣುತ್ತದೆ, ಅದು ಸರಿ. ಆದರೆ ಸಿಗರೇಟು, ಶುಗರ್, ವಯಸ್ಸು ಎರಡಕ್ಕೂ ಕಾರಣ. 2012ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಎಲ್ಲವನ್ನೂ ಪರಿಶೀಲಿಸಿ, ಸಂಬಂಧ ಇದೆ, ಆದರೆ ಒಂದರಿಂದಲೇ ಇನ್ನೊಂದು ಬರುತ್ತದೆ ಅನ್ನುವುದಕ್ಕೆ ಪುರಾವೆ ಇಲ್ಲ ಎಂದಿತು. ಆದ್ದರಿಂದ "ಕ್ಲೀನಿಂಗ್ ಮಾಡಿಸಿ, ಹಾರ್ಟ್ ಅಟ್ಯಾಕ್ ತಪ್ಪಿಸಿ" ಎಂದು ಯಾರಾದರೂ ಹೇಳಿದರೆ ಅರ್ಧ ಮಾತ್ರ ನಂಬಿ. ಕೃತಕ ಹೃದಯ ಕವಾಟ ಹಾಕಿಸಿಕೊಂಡವರ ಕಥೆ ಬೇರೆ. ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಕವಾಟದ ಮೇಲೆ ಕೂತರೆ ಜೀವಕ್ಕೇ ಅಪಾಯ. ಅಂಥವರು ಹಲ್ಲು ಕೀಳಿಸುವ ಮುಂಚೆ ಡಾಕ್ಟರಿಗೆ ಹೇಳಲೇಬೇಕು.

ಇನ್ನು ನಿಮ್ಮ "ನೋವಿಲ್ಲವಲ್ಲ" ಅನ್ನುವ ಸಮಾಧಾನ. ಈ ಕಾಯಿಲೆಯ ಮೋಸವೇ ಅದು. ಮೊದಲ ಹಂತದಲ್ಲಿ ವಸಡು ಮಾತ್ರ ಕೆಂಪಾಗಿ ಊದಿರುತ್ತದೆ. ಇದನ್ನು ಜಿಂಜಿವೈಟಿಸ್ ಅನ್ನುತ್ತಾರೆ, ಪೂರ್ತಿ ವಾಸಿಯಾಗುತ್ತದೆ. 1965ರಲ್ಲಿ ಡೆನ್ಮಾರ್ಕ್‌ನಲ್ಲಿ ಹ್ಯಾರಲ್ಡ್ ಲೋ ಮತ್ತು ಜೊತೆಗಾರರು 12 ಮಂದಿಗೆ ಹಲ್ಲುಜ್ಜುವುದನ್ನೇ ನಿಲ್ಲಿಸಲು ಹೇಳಿದರು. 10ರಿಂದ 21 ದಿನದೊಳಗೆ ಎಲ್ಲರ ವಸಡೂ ಊದಿತು. ಮತ್ತೆ ಉಜ್ಜತೊಡಗಿದ ಮೇಲೆ ಸುಮಾರು ಒಂದು ವಾರದಲ್ಲಿ ಸರಿಹೋಯಿತು. (ಆ ಮೂರು ವಾರ ಅವರ ಪಕ್ಕ ಕೂತವರ ಪಾಡು ಏನಾಗಿತ್ತೋ!) ಎರಡನೇ ಹಂತ ಪೆರಿಯೊಡಾಂಟೈಟಿಸ್. ಅಲ್ಲಿ ಹಲ್ಲನ್ನು ಹಿಡಿದಿರುವ ಮೂಳೆಯೇ ಕರಗುತ್ತದೆ. ಕರಗಿದ್ದು ತಾನಾಗಿ ಮತ್ತೆ ಬೆಳೆಯುವುದಿಲ್ಲ. ನನ್ನ ಹಲ್ಲು ಹೋಗಿದ್ದು ಹೀಗೆ, ಒಂದು ದಿನವೂ ನೋಯಲಿಲ್ಲ.

ನೀವು ಯಾವ ಹಂತದಲ್ಲಿದ್ದೀರಿ ಅನ್ನುವುದು ಕನ್ನಡಿಯಲ್ಲಿ ಗೊತ್ತಾಗುವುದಿಲ್ಲ. ಹಲ್ಲಿನ ಡಾಕ್ಟರ್ ಒಂದು ಸಣ್ಣ ಅಳತೆಕಡ್ಡಿಯನ್ನು ವಸಡಿನ ಸಂದಿಗೆ ಇಳಿಸಿ ನೋಡುತ್ತಾರೆ. 3 ಮಿಲಿಮೀಟರ್‌ವರೆಗೆ ಪರವಾಗಿಲ್ಲ. ನನ್ನದು ಕೆಲವು ಕಡೆ 6 ಇತ್ತು. ಅಷ್ಟು ಆಳಕ್ಕೆ ಯಾವ ಬ್ರಷ್ಷೂ ಹೋಗುವುದಿಲ್ಲ. ಗಟ್ಟಿಯಾದ ಪಾಚಿ, ಡಾಕ್ಟರ್ ಉಪಕರಣದಿಂದ ಕೆರೆದು ತೆಗೆಯುವ ಸ್ಕೇಲಿಂಗ್‌ನಿಂದಲೇ ಹೋಗಬೇಕು. ಸ್ಕೇಲಿಂಗ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತದೆ ಎಂದು ನಾನೂ ಹೆದರಿದ್ದೆ. ಹಲ್ಲಿನ ನಡುವೆ ತುಂಬಿದ್ದ ಪಾಚಿ ಹೋದ ಮೇಲೆ ಸಂದಿ ಕಾಣುತ್ತದೆ, ಊತ ಇಳಿಯುತ್ತದೆ, ಅದರಿಂದ ಹಲ್ಲು ಸಡಿಲ ಅನ್ನಿಸುತ್ತದೆ. ಅದು ಮೊದಲೇ ಇದ್ದ ಹಾನಿ, ಪಾಚಿ ಮುಚ್ಚಿಟ್ಟಿತ್ತು ಅಷ್ಟೇ.

ಅಲ್ಲಿಯವರೆಗೆ ಮೆತ್ತನೆಯ ಬ್ರಷ್ ತೆಗೆದುಕೊಂಡು, ಹಲ್ಲು-ವಸಡು ಸೇರುವ ಗೆರೆಯ ಕಡೆಗೆ ಸ್ವಲ್ಪ ಓರೆಯಾಗಿ ಹಿಡಿದು, ರಕ್ತ ಬರುವ ಕಡೆಯೂ ನಿಧಾನವಾಗಿ ಉಜ್ಜಿ. ಒತ್ತಬೇಡಿ. ಹಲ್ಲಿನ ನಡುವೆ ಫ್ಲಾಸ್ ಅಥವಾ ಸಂದಿ ಬ್ರಷ್ ದಿನಕ್ಕೊಮ್ಮೆ. ಎರಡು ವಾರವಾದರೂ ರಕ್ತ ನಿಲ್ಲದಿದ್ದರೆ ಹಲ್ಲಿನ ಡಾಕ್ಟರಿಗೆ ತೋರಿಸಿ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಗರ್ಭಿಣಿಯಾಗಿದ್ದರೆ ಅದನ್ನೂ ಹೇಳಿ, ಆಗ ರಕ್ತ ಜಾಸ್ತಿ ಬರಬಹುದು. ಸಿಗರೇಟು ಸೇದುವವರಿಗೆ ರಕ್ತ ಬರುವುದು ಕಡಿಮೆ, ಆದರೆ ಒಳಗೆ ಮೂಳೆ ಕರಗುವುದು ಜಾಸ್ತಿ. ಅವರಿಗೆ ಈ ಎಚ್ಚರಿಕೆ ಗಂಟೆಯೂ ಬಾರಿಸುವುದಿಲ್ಲ.

ಮೌತ್‌ವಾಶ್ ಸಾಕಾ ಅಂತಲೂ ಕೇಳಿದ್ದೀರಿ. ಸಾಲದು. ಅದು ಮೇಲ್ಭಾಗವನ್ನು ಮಾತ್ರ ತೊಳೆಯುತ್ತದೆ, ಸಂದಿಯೊಳಗೆ ಇಳಿಯುವುದಿಲ್ಲ. ಕ್ಲೋರ್‌ಹೆಕ್ಸಿಡಿನ್ ಎಂಬ ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ ಇರುವುದನ್ನು ವಾರಗಟ್ಟಲೆ ಬಳಸಿದರೆ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ. ಡಾಕ್ಟರ್ ಹೇಳಿದರೆ ಹೇಳಿದಷ್ಟು ದಿನ ಮಾತ್ರ.