ಲೈನ್ ಮನೆಯಲ್ಲಿ ಬೈಬಲ್ ಓದು: ಮೊದಲು ಬಟವಾಡೆಯ ಮಾತು

ಪ್ರಶ್ನೆ: ನಮ್ಮ ಚರ್ಚಿನ ಯುವಕರು ಕೊಡಗಿನ ಸಿದ್ದಾಪುರ ಕಡೆಯ ಕಾಫಿ ತೋಟದ ಲೈನ್ ಮನೆಗಳಲ್ಲಿ, ಅಂದರೆ ಕಾರ್ಮಿಕರ ಸಾಲು ಮನೆಗಳಲ್ಲಿ, ಬೈಬಲ್ ಓದಿಸುತ್ತಿದ್ದೇವೆ. ಬಡವರ ಬಿಡುಗಡೆಯ ಕಣ್ಣಿನಿಂದ ಬೈಬಲ್ ಓದುವ, ಲ್ಯಾಟಿನ್ ಅಮೆರಿಕದಲ್ಲಿ ಬೆಳೆದ ವಿಮೋಚನಾ ದೇವಶಾಸ್ತ್ರದ ದಾರಿಯಲ್ಲಿ ನಡೆಸುವ ಆಸೆ ಇದೆ. ಅದನ್ನು ರೋಮ್ (ಕ್ಯಾಥೊಲಿಕ್ ಚರ್ಚಿನ ಕೇಂದ್ರವಾದ ವ್ಯಾಟಿಕನ್) ನಿಷೇಧಿಸಿದೆ ಎನ್ನುತ್ತಾರೆ ಹಿರಿಯರು. ನಿಜವೇ? ನಾಲ್ಕು ವಾರವಾದರೂ ಕಾರ್ಮಿಕರು ಬಾಯಿ ಬಿಡುತ್ತಿಲ್ಲ, ಏನು ಮಾಡಲಿ?

ಉತ್ತರ: ನಿಷೇಧ ಆಗಿಲ್ಲ. ಮಾರ್ಕ್ಸ್‌ವಾದದ ವಿಚಾರಗಳನ್ನು ಪರಿಶೀಲಿಸದೆ ಎರವಲು ತರಬೇಡಿ ಎಂದು 1984ರಲ್ಲಿ ವ್ಯಾಟಿಕನ್ ಎಚ್ಚರಿಸಿತು. ಬಡವರ ಪಕ್ಷ ವಹಿಸಿದವರನ್ನು ತಳ್ಳಿಹಾಕಲು ಈ ಎಚ್ಚರಿಕೆಯನ್ನು ಬಳಸಬಾರದೆಂದು ಅದೇ ಪತ್ರದಲ್ಲಿದೆ. ಹಿರಿಯರಿಗೆ ಆ ಭಾಗವನ್ನೂ ಓದಿ ಹೇಳಿ. ಬಡವರ ಪರ ನಿಂತು 1980ರಲ್ಲಿ ಪೂಜೆ ನಡೆಸುತ್ತಿರುವಾಗಲೇ ಗುಂಡಿಗೆ ಬಲಿಯಾದ ಎಲ್ ಸಾಲ್ವಡಾರಿನ ಆರ್ಚ್‌ಬಿಷಪ್ ರೊಮೆರೊ ಅವರನ್ನು 2018ರಲ್ಲಿ ಸಂತರೆಂದು ಘೋಷಿಸಿದ್ದೂ ರೋಮೇ.

ಇನ್ನು ಬಾಯಿ ಬಿಡದಿರುವ ವಿಚಾರ. ನೀವು ಬೈಬಲ್ ವಚನದಿಂದ ಶುರು ಮಾಡಿ ಅರ್ಥವನ್ನೂ ನೀವೇ ಹೇಳುತ್ತಿರಬೇಕು. ಈ ದೇವಶಾಸ್ತ್ರದ ಕ್ರಮ ‘ನೋಡು, ತೂಗಿನೋಡು, ಮಾಡು’. ಬೆಲ್ಜಿಯಂನ ಪಾದ್ರಿ ಕಾರ್ಡಿನ್ ಯುವ ಕಾರ್ಮಿಕರ ನಡುವೆ ರೂಢಿಸಿದ್ದು ಇದು. ವಿಮೋಚನಕಾಂಡ 3:7-8 ನೋಡಿ: ದೇವರು ಮೊದಲು ಜನರ ಸಂಕಟವನ್ನು ಕಾಣುತ್ತಾನೆ, ಕೂಗು ಕೇಳುತ್ತಾನೆ, ಇಳಿದು ಬರುವುದು ಆಮೇಲೆ.

ಎಂಟರಿಂದ ಹನ್ನೆರಡು ಜನ, ಒಂದೂವರೆ ಗಂಟೆ ಸಾಕು. ತೋಟದ ಲೆಕ್ಕ ಬರೆಯುವ ರೈಟರ್, ಕೆಲಸ ಮಾಡಿಸುವ ಮೇಸ್ತ್ರಿ ಇದ್ದ ಕಡೆ ಯಾರೂ ಮಾತಾಡುವುದಿಲ್ಲ. ಬಟವಾಡೆ ದಿನ (ಕೂಲಿ ಕೊಡುವ ದಿನ), ಸಂತೆ ದಿನ ಬೇಡ. ಮೊದಲ 40 ನಿಮಿಷ ಬೈಬಲ್ ಮುಚ್ಚಿಯೇ ಇರಲಿ. ನೆಲದ ಮೇಲೆ ಕಾಫಿ ಹಣ್ಣು ಇಡಿ, ಒಂದು ಹಣ್ಣಿಗೆ 100 ರೂಪಾಯಿ ಲೆಕ್ಕ. ಹೋದ ವಾರದ ಕೂಲಿಯಷ್ಟು ಹಣ್ಣನ್ನು ಅವರೇ ಎಣಿಸಿಡಲಿ. ಮುಂಗಡಕ್ಕೆ ಹಿಡಿದದ್ದು, ಅಂಗಡಿ ಬಾಕಿ, ಔಷಧ ಒಂದೊಂದಾಗಿ ತೆಗೆಯಲಿ. ಓದು ಬರಹ ಬಾರದವರೂ ಈ ಲೆಕ್ಕದಲ್ಲಿ ತಪ್ಪುವುದಿಲ್ಲ. ಕೊಡಗಿನ ಬುಡಕಟ್ಟಿನ ಯರವರು ತಮ್ಮ ಮಾತಿನಲ್ಲೇ ಹೇಳಲಿ, ಕನ್ನಡಕ್ಕೆ ಅವರಲ್ಲೇ ಒಬ್ಬರು ತಿಳಿಸಲಿ.

ಆಮೇಲೆ ಧರ್ಮೋಪದೇಶಕಾಂಡ 24:14-15, ಯಾಕೋಬ 5:4 ನಿಧಾನವಾಗಿ ಎರಡು ಸಲ ಓದಿ. ಸೂರ್ಯ ಮುಳುಗುವ ಮುಂಚೆ ಕೂಲಿ ಕೊಡು ಎನ್ನುತ್ತದೆ ಮೊದಲನೆಯದು. ಕೊಯ್ದವರಿಗೆ ಕೊಡದೆ ಹಿಡಿದ ಕೂಲಿಯೇ ಕೂಗುತ್ತಿದೆ ಎನ್ನುತ್ತದೆ ಎರಡನೆಯದು. ‘ಇಲ್ಲಿ ಕೂಗುವವರು ಯಾರು?’ ಎಂದು ಕೇಳಿ ಸುಮ್ಮನಿರಿ. ಆ ಮೌನ ತುಂಬಲು ಅವಸರ ಬೇಡ. ಹೆಚ್ಚಿನ ಗುಂಪುಗಳು ಕೆಡುವುದು ಇಲ್ಲೇ.

ಕೊನೆಗೆ ಒಂದೇ ಒಂದು ಕೆಲಸ ಗೊತ್ತುಮಾಡಿ. ಕೊಯ್ಲಿನ ಕಾಲದಲ್ಲಾದರೆ ಪ್ರತಿ ಮನೆಗೂ ಒಂದು ಪುಸ್ತಕ: ದಿನ, ತೂಕದ ಕಿಲೋ, ಪಡೆದ ಮುಂಗಡ. ಮುಂಗಡ ತೀರುವ ತನಕ ತೋಟ ಬಿಟ್ಟು ಹೋಗಬಾರದೆಂದು ಯಾರನ್ನಾದರೂ ತಡೆದಿದ್ದರೆ ಅದು ಜೀತ. 1976ರ ಕಾಯ್ದೆಯ ಪ್ರಕಾರ ಆ ಸಾಲವೇ ರದ್ದು. ದೂರನ್ನು ತಹಶೀಲ್ದಾರರಿಗೋ ಉಪವಿಭಾಗಾಧಿಕಾರಿಗೋ ಬರಹದಲ್ಲಿ ಕೊಡಿ. ಆದರೆ ಆ ಮನೆಯವರು ಒಪ್ಪದೆ ನೀವಾಗಿ ಕೊಡಬೇಡಿ. ಲೈನ್ ಮನೆ ಖಾಲಿ ಮಾಡಬೇಕಾಗಿ ಬಂದರೆ ಬೀದಿಗೆ ಬೀಳುವುದು ಅವರು. ಕ್ರೈಸ್ತರಲ್ಲದವರೂ ಬರುತ್ತಾರೆ. ಕೂಲಿಯ ಮಾತಿಗೆ ಮತಾಂತರ ಬೆರೆಸಬೇಡಿ.

ಲ್ಯಾಟಿನ್ ಅಮೆರಿಕದವರು ವರ್ಗದ ಬಗ್ಗೆ ಹೇಳಿದ್ದು ನಮಗೆ ಸಾಲದು, ಇಲ್ಲಿ ಜಾತಿ ಇದೆ. ಬೆಂಗಳೂರಿನಲ್ಲಿ 1980ರ ದಶಕದ ಆರಂಭದಲ್ಲಿ ದೇವಶಾಸ್ತ್ರಜ್ಞ ಅರವಿಂದ ನಿರ್ಮಲ್ ಈ ಮಾತೆತ್ತಿದ್ದರಿಂದಲೇ ದಲಿತ ದೇವಶಾಸ್ತ್ರ ಬೆಳೆಯಿತು. ಹಾಗಾಗಿ ನಿಮ್ಮ ಗುಂಪನ್ನೇ ಒಮ್ಮೆ ನೋಡಿಕೊಳ್ಳಿ: ಚಾಪೆ ಯಾರಿಗೆ, ಬರಿ ನೆಲ ಯಾರಿಗೆ, ಚಹಾ ಯಾರ ಲೋಟದಲ್ಲಿ.